ಇಲ್ಲದ ಆಮ್ಲಜನಕಕ್ಕೂ ಒಂದು ಪೀಕು

ಪಿಎಚ್‌.ಡಿ. ಮಾಡಬೇಕೆಂದಿರುವ ಬೆಂಗಳೂರಿನ ನಮ್ಮ ಗೋವಿಂದರಾಜನಗರದ ಮಕ್ಕಳಿಗೆ ನನ್ನ ಮೊದಲ ಸಲಹೆ: ವಿಜಯನಗರದ ಮಾರ್ಕೆಟ್ಟಿಗೆ ಹೋಗಿ ಎರಡು ಕಟ್ಟು ಕರಿಬೇವು ತನ್ನಿ. ಕರಿಬೇವನ್ನು ಯಾರೋ ಆಗಲೇ ಮುಗಿಸಿಬಿಟ್ಟಿದ್ದಾರೆ ಎಂದು ಗೈಡು ರಾಗ ಎಳೆದರೆ ನುಗ್ಗೆಸೊಪ್ಪು. ಅದೂ ಆಗಿದ್ದರೆ ದೊಡ್ಡಪತ್ರೆ. ಅದೂ ಆಗಿದ್ದರೆ ಹೊಂಗೆ ಎಲೆ. ಅದಕ್ಕೆ ಮಾರ್ಕೆಟ್ಟೂ ಬೇಡ, ಬೀದಿಬದಿಯ ಮರ ಸಾಕು. ಸೊಪ್ಪನ್ನು ಕುದಿಸಿ, ಬಸಿದು, ಆ ರಸಕ್ಕೆ ಜಿಂಕ್ ನೈಟ್ರೇಟ್ ಹಾಕಿ ಕುಲುಮೆಯಲ್ಲಿಟ್ಟರೆ ಕೊನೆಗೆ ಬಿಳಿ ಪುಡಿ ಉಳಿಯುತ್ತದೆ. ಅದು ಜಿಂಕ್ ಆಕ್ಸೈಡ್. ಮೂಡಲಪಾಳ್ಯದ ಯಾವ ಔಷಧಿ ಅಂಗಡಿಗೆ ಹೋದರೂ ಕ್ಯಾಲಮೈನ್ ಲೋಷನ್ನಿನ ಬಾಟಲಿಯೊಳಗೆ ಅದೇ ವಸ್ತು ಸಿಗುತ್ತದೆ. ಆದರೆ ಬಾಟಲಿಯಲ್ಲಿರುವುದರಿಂದ ತುರಿಕೆ ಹೋಗುತ್ತದೆಯೇ ಹೊರತು ಡಾಕ್ಟರೇಟ್ ಬರುವುದಿಲ್ಲ. ನಿಮ್ಮದು ಹಸಿರು ಸಂಶ್ಲೇಷಣೆ.

ಇಂಥ ಪುಡಿಗಳನ್ನು ಐದೇ ನಿಮಿಷದಲ್ಲಿ ಭಗ್ಗೆಂದು ಉರಿಸಿ ತೆಗೆಯುವ ದ್ರಾವಣ ದಹನ ವಿಧಾನವನ್ನು 1980ರ ದಶಕದಲ್ಲಿ ನಮ್ಮದೇ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಕೆ.ಸಿ. ಪಾಟೀಲರು ರೂಪಿಸಿದರು. ಅವರಿಗೆ ಯೂರಿಯಾ ಸಾಕಾಗಿತ್ತು. ಸೊಪ್ಪಿನ ಹಂಗಿಲ್ಲದೆ ವಿಜ್ಞಾನ ಮಾಡಬಹುದಾದ ಕಾಲ ಅದು.

ಇರಲಿ. ಪುಡಿ ತಯಾರಾಯಿತು. ಅದನ್ನೊಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ ತುಂಬಿಕೊಂಡು ಹೊಸಹಳ್ಳಿ ಸ್ಟೇಷನ್ನಿನಲ್ಲಿ ನೇರಳೆ ಮೆಟ್ರೊ ಹತ್ತಬೇಕು, ಮೆಜೆಸ್ಟಿಕ್ಕಿನಲ್ಲಿ ಹಸಿರಿಗೆ ಬದಲಾಯಿಸಿ ಯಶವಂತಪುರದ ಕಡೆಯ ಪ್ರಯೋಗಾಲಯಕ್ಕೆ ಹೋಗಬೇಕು. ಬಿಳಿ ಪುಡಿ ಏನೆಂದು ಸೆಕ್ಯುರಿಟಿಯವರು ಕೇಳಿದರೆ ಕರಿಬೇವು ಎನ್ನಬೇಡಿ, ನಂಬುವುದಿಲ್ಲ. ಅಲ್ಲಿ ಎಕ್ಸ್‌ಪಿಎಸ್ ಎಂಬ ಯಂತ್ರವಿದೆ. ಪುಡಿಯ ಮೇಲೆ ಕ್ಷ-ಕಿರಣ ಬಿಟ್ಟು, ಆ ಏಟಿಗೆ ಹೊರಬಿದ್ದ ಎಲೆಕ್ಟ್ರಾನುಗಳ ಶಕ್ತಿಯನ್ನು ಅಳೆದು, ಅವು ಯಾವ ಪರಮಾಣುವಿನ ಯಾವ ಕಕ್ಷೆಯಿಂದ ಎದ್ದು ಬಂದವು ಎಂದು ಹೇಳುವ ಯಂತ್ರ. ಈ ವಿದ್ಯೆಯನ್ನು ಕಟ್ಟಿ ನಿಲ್ಲಿಸಿದ್ದಕ್ಕೆ ಸ್ವೀಡನ್ನಿನ ಕೈ ಸೀಗ್‌ಬಾನ್ 1981ರಲ್ಲಿ ನೊಬೆಲ್ ಪಡೆದರು. ನೀವು ಪಡೆಯುವುದು ಎರಡು ಕಾಲಮ್ಮಿನ ಒಂದು ಫೈಲು: ಒಂದರಲ್ಲಿ ಶಕ್ತಿ, ಇನ್ನೊಂದರಲ್ಲಿ ಎಣಿಕೆ. ಗ್ರಾಫ್ ಹಾಕಿದರೆ ಒಂದು ಗುಡ್ಡ. ಬೋಳು, ನುಣುಪು, ಸ್ವಲ್ಪ ಎಡಕ್ಕೆ ವಾಲಿದ ಗುಡ್ಡ. ಇದನ್ನು ನೋಡಿ ಗೈಡು ಕೇಳುವ ಪ್ರಶ್ನೆ ಒಂದೇ: "ಇದರೊಳಗೆ ಎಷ್ಟಿವೆ?" ಅಂದರೆ, ಒಂದರ ಮೇಲೊಂದು ಬಿದ್ದು ಈ ಗುಡ್ಡವಾದ ಪುಟ್ಟ ಗುಡ್ಡಗಳು, ಅಂದರೆ ಪೀಕುಗಳು, ಎಷ್ಟು?

ಈ ಪ್ರಶ್ನೆಗೆ ಉತ್ತರ ಕೊಡುವ ಅಂಗಡಿಯೊಂದು ಗೋವಿಂದರಾಜನಗರದ ಅಡ್ಡರಸ್ತೆಯಲ್ಲಿದೆ ಎಂದಿಟ್ಟುಕೊಳ್ಳಿ. ಊಹೆಯ ಅಂಗಡಿ. ಹುಡುಕಲು ಮಾತ್ರ ಹೋಗಬೇಡಿ, ಸಿಕ್ಕಿಬಿಟ್ಟೀತು. ಬೋರ್ಡಿನ ಮೇಲೆ ಜೆರಾಕ್ಸ್, ಲ್ಯಾಮಿನೇಷನ್, ಆಧಾರ್ ತಿದ್ದುಪಡಿ, ರೇಷನ್ ಕಾರ್ಡ್ ಅರ್ಜಿ, ಥೀಸಿಸ್ ಬೈಂಡಿಂಗ್ ಎಂದು ಬಣ್ಣದಲ್ಲಿ ಬರೆದಿದೆ. ಕೆಳಗೆ ಸ್ಕೆಚ್‌ಪೆನ್ನಿನಲ್ಲಿ: ಪೀಕ್ ಫಿಟ್ಟಿಂಗ್ ಮಾಡಿಕೊಡಲಾಗುವುದು. ಪಶ್ಚಿಮಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ, ಆದ್ದರಿಂದ ಗಿರಾಕಿಗೆ ಬರವಿಲ್ಲ. ಮಾಲೀಕ ಪಿಯುಸಿಯಲ್ಲಿ ಫಿಸಿಕ್ಸ್ ಬಿಟ್ಟವನು. ಆದರೆ ಫಿಸಿಕ್ಸ್ ಅವನನ್ನು ಬಿಟ್ಟಿಲ್ಲ.

"ಎಷ್ಟು ಪೀಕ್ ಬೇಕು ಸಾರ್?"

"ಎಷ್ಟಿವೆಯೋ ಅಷ್ಟು."

"ಎಷ್ಟಿವೆ ಅಂತ ಮಷೀನ್‌ಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ನಿಮ್ ಗೈಡು ಡಿಸ್ಕಷನ್ನಲ್ಲಿ ಎಷ್ಟು ಬರ್ದಿದಾರೆ, ಅದು ಹೇಳಿ."

ಅನುಭವದ ಮಾತು. ಮೂರಕ್ಕಿಂತ ಕಡಿಮೆಯಾದರೆ ಲೇಖನಕ್ಕೆ ತೂಕ ಬರುವುದಿಲ್ಲ, ಏಳಕ್ಕೆ ಹೋದರೆ ನಿದ್ದೆ ಹೋಗಿದ್ದ ರಿವ್ಯೂವರ್ ಎದ್ದು ಕೂರುತ್ತಾನೆ, ಐದು ಕ್ಷೇಮ ಎಂಬುದು ಅವನ ಸಿದ್ಧಾಂತ. ಅವನ ಕಂಪ್ಯೂಟರಿನಲ್ಲಿರುವುದು ಆರಿಜಿನ್ 8.5. ಅಮೆರಿಕದ ನಾರ್ತಾಂಪ್ಟನ್ನಿನ ಕಂಪನಿ ಮಾಡಿದ ತಂತ್ರಾಂಶ. ನಮ್ಮಲ್ಲಿಗೆ ಬಂದದ್ದು ಯಾವ ದಾರಿಯಿಂದ ಎಂದು ಕೇಳಬಾರದು. ಸೀನಿಯರ್‌ನಿಂದ ಜೂನಿಯರ್‌ಗೆ, ಜೂನಿಯರ್‌ನಿಂದ ಅವನ ಜೂನಿಯರ್‌ಗೆ ಪೆನ್‌ಡ್ರೈವಿನಲ್ಲಿ ಇಳಿದುಬರುವ ಗುರುಪರಂಪರೆ ಅದು. ಜೊತೆಗೆ ಎರಡು ವೈರಸ್ಸೂ ಬಳುವಳಿಯಾಗಿ ಬರುತ್ತವೆ. ಪರಂಪರೆಯ ಕೊಂಡಿ ಎಲ್ಲಾದರೂ ಕಳಚಿದವರ ಗ್ರಾಫಿನ ನಡುವೆ ಡೆಮೊ ಎಂಬ ಮುದ್ರೆ ಬೀಳುತ್ತದೆ. ಅದನ್ನು ಬಿಳಿ ಚೌಕ ಮುಚ್ಚಿ ಮರೆಮಾಡುವುದು ಸಂಶೋಧನಾ ವಿಧಾನದ ಭಾಗ.

ಕೆಲಸ ಸುಲಭ. ಗುಡ್ಡದ ಮೇಲೆ ಎಲ್ಲಿ ಪೀಕು ಬೇಕೋ ಅಲ್ಲಿ ಮೌಸಿನಿಂದ ಎರಡು ಸಲ ಕುಟ್ಟಬೇಕು. ಕುಟ್ಟಿದಲ್ಲೆಲ್ಲ ಒಂದು ಗೆರೆ ನಿಲ್ಲುತ್ತದೆ. ಪೀಕಿನ ಆಕಾರಕ್ಕೆ ಗೌಸ್ ಬೇಕೋ ಲೊರೆಂಟ್ಸ್ ಬೇಕೋ ಎಂದು ತಂತ್ರಾಂಶ ಕೇಳುತ್ತದೆ. ಇಬ್ಬರೂ ದೊಡ್ಡವರು, ಯಾರನ್ನು ಬಿಟ್ಟರೂ ಬೇಸರವೆಂದು ಇಬ್ಬರನ್ನೂ ಬೆರೆಸಿದ ಹುಸಿ-ಫೋಯ್‌ಕ್ಟ್ ಆರಿಸುವುದು ವಾಡಿಕೆ. ಆಮೇಲೆ ಬಟನ್ ಒತ್ತಿದರೆ ಕೆನೆತ್ ಲೆವೆನ್‌ಬರ್ಗ್ 1944ರಲ್ಲಿ ಹೇಳಿಕೊಟ್ಟ, ಡೊನಾಲ್ಡ್ ಮಾರ್ಕ್ವಾರ್ಟ್ 1963ರಲ್ಲಿ ಚೊಕ್ಕ ಮಾಡಿದ ಲೆಕ್ಕ ಓಡತೊಡಗುತ್ತದೆ. ಪೀಕುಗಳು ಹಿಗ್ಗುತ್ತವೆ, ಕುಗ್ಗುತ್ತವೆ, ಒಂದನ್ನೊಂದು ತಳ್ಳುತ್ತವೆ. ಕೊನೆಗೆ ಅವುಗಳ ಮೊತ್ತ ಗುಡ್ಡದ ಮೇಲೆ ಸರಿಯಾಗಿ ಕೂತಾಗ ಫಿಟ್ ಕನ್ವರ್ಜ್ ಆಯಿತು, ನೂರು ಕೋಟಿಯಲ್ಲೊಂದು ಪಾಲಿನ ತಾಳ್ಮೆಯ ಮಿತಿ ಮುಟ್ಟಿತು ಎಂದು ಸಂದೇಶ ಬರುತ್ತದೆ. ಇದನ್ನು ನೋಡಿ ಪಿಎಚ್‌.ಡಿ. ಹುಡುಗ ಗೈಡಿಗೆ ಫೋನ್ ಮಾಡುತ್ತಾನೆ. ಗೈಡು ಮನೆಯಲ್ಲಿ ಪಾಯಸ ಮಾಡಿಸುತ್ತಾರೆ.

ಸಂದೇಶಕ್ಕೆ ಇರುವ ಅರ್ಥ ಇಷ್ಟೆ: ನೀವು ಕೊಟ್ಟ ಐದು ಪೀಕುಗಳನ್ನು ಇದ್ದಲ್ಲಿಂದ ಇನ್ನು ತುಸು ಎತ್ತ ಜರುಗಿಸಿದರೂ ವ್ಯತ್ಯಾಸ ಇದಕ್ಕಿಂತ ಕಡಿಮೆಯಾಗುವುದಿಲ್ಲ. ಐದು ಇವೆಯೇ ಎಂದು ಅದು ಕೇಳಲಿಲ್ಲ. ಕೇಳಿದ್ದರೆ ಅದನ್ನು ಯಾರೂ ಪೆನ್‌ಡ್ರೈವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಬೇರೆ ಕಡೆ ಕುಟ್ಟಿ ಶುರುಮಾಡಿದ್ದರೆ ಲೆಕ್ಕ ಇನ್ನೊಂದು ತಗ್ಗಿಗೆ ಇಳಿದು ಅಷ್ಟೇ ಸಂತೋಷದಿಂದ ಅದೇ ಸಂದೇಶ ಕೊಡುತ್ತಿತ್ತು. ಪಕ್ಕಪಕ್ಕದ ಎರಡು ಪೀಕುಗಳಲ್ಲಿ ಒಂದರ ಅಗಲ ಇನ್ನೊಂದರ ಮೂರು ಪಟ್ಟು ಇದ್ದರೂ ಅದಕ್ಕೆ ಮುಜುಗರವಿಲ್ಲ. ಉದಾಹರಣೆಗೆ, ಟೈಟಾನಿಯಂನ 2ಪಿ ಪೀಕುಗಳು ಜೋಡಿಯಾಗಿಯೇ ಬರಬೇಕು, ಆಕ್ಸೈಡಿನಲ್ಲಿ ನಡುವೆ ಸುಮಾರು 5.7 ಎಲೆಕ್ಟ್ರಾನ್ ವೋಲ್ಟ್ ಅಂತರವಿರಬೇಕು, ಕ್ಷೇತ್ರಫಲ ಎರಡಕ್ಕೆ ಒಂದರಂತೆ ಇರಬೇಕು ಎಂಬುದು ಕ್ವಾಂಟಂ ಶಾಸ್ತ್ರದ ಕಟ್ಟಳೆ. ಕಟ್ಟಳೆಯನ್ನು ನೀವು ಹೇಳಿದರೆ ತಂತ್ರಾಂಶ ಪಾಲಿಸುತ್ತದೆ. ಹೇಳದಿದ್ದರೆ ಅದೂ ಸುಮ್ಮನಿರುತ್ತದೆ, ಶ್ರೋಡಿಂಗರ್ ಕೂಡ ಗೋವಿಂದರಾಜನಗರಕ್ಕೆ ಬಂದು ಕೇಳುವುದಿಲ್ಲ.

ಅಂಗಡಿಯವನಿಗೆ ಈ ಕೆಲಸ ಇಷ್ಟು ಸಲೀಸಾಗಿ ಒಲಿದದ್ದು ಹೇಗೆ ಎಂದರೆ ಅವನ ಬೋರ್ಡನ್ನೇ ಮತ್ತೊಮ್ಮೆ ಓದಬೇಕು. ಗುಡ್ಡ ಎಂದರೆ ರೇಷನ್ ಕಾರ್ಡು. ಹೊರಗಿನಿಂದ ನೋಡಿದರೆ ಮನೆ ಒಂದೇ. ಒಳಗೆ ಎಷ್ಟು ಜನ ಎಂಬುದರ ಮೇಲೆ ಅಕ್ಕಿ. ಮದುವೆಯಾಗಿ ಹಾಸನಕ್ಕೆ ಹೋದ ಮಗಳನ್ನು ತೆಗೆಯುವುದಿಲ್ಲ, ತೀರಿಕೊಂಡ ಅಜ್ಜನನ್ನೂ ತೆಗೆಯುವುದಿಲ್ಲ. ಒಟ್ಟು ಸರಿಹೋದರೆ ಇನ್‌ಸ್ಪೆಕ್ಟರಿಗೆ ಆಯಿತು. ಅಂಗಡಿಯವನಿಗೆ ಇವೆರಡೂ ಒಂದೇ ಜಾತಿಯ ಅರ್ಜಿ. ನಗಬೇಡಿ, ತೀರಿಕೊಂಡ ಅಜ್ಜನ ಹೆಸರಿನಲ್ಲಿ ವಿಜ್ಞಾನದಲ್ಲಿ ಅಕ್ಕಿ ಎತ್ತುತ್ತಿರುವುದು ನಿಜ.

ನಮ್ಮ ಕರಿಬೇವಿನ ಜಿಂಕ್ ಆಕ್ಸೈಡನ್ನೇ ನೋಡಿ. ಆಮ್ಲಜನಕದ ಗುಡ್ಡದಲ್ಲಿ 530 ಎಲೆಕ್ಟ್ರಾನ್ ವೋಲ್ಟ್ ಆಸುಪಾಸು ಒಂದು ಪೀಕು: ಹರಳಿನೊಳಗೆ ಜಿಂಕಿನ ಜೊತೆ ಕೂತ ಆಮ್ಲಜನಕ. ತಕರಾರಿಲ್ಲ. 531ರಿಂದ 532ರ ನಡುವೆ ಇನ್ನೊಂದು. ಇದು ಮೇಲ್ಮೈಗೆ ಅಂಟಿದ ನೀರು, ಹೈಡ್ರಾಕ್ಸಿಲ್, ಇಂಗಾಲದ ಜೊತೆ ಸೇರಿದ ಆಮ್ಲಜನಕ ಇಂಥ ಬಡಪಾಯಿಗಳದ್ದು. ಆದರೆ ನೀರಿಗೆ ಯಾರು ಲೇಖನ ಅಚ್ಚು ಹಾಕುತ್ತಾರೆ? ಆದ್ದರಿಂದ ಲೋಕದಾದ್ಯಂತ ಸಾವಿರಾರು ಲೇಖನಗಳಲ್ಲಿ ಆ ಪೀಕಿನ ಹೆಸರು ಆಕ್ಸಿಜನ್ ವೇಕೆನ್ಸಿ. ಅಂದರೆ ಆಮ್ಲಜನಕ ಇರಬೇಕಾದ ಜಾಗದಲ್ಲಿ ಆಮ್ಲಜನಕ ಇಲ್ಲ. ಇಲ್ಲದ ಪರಮಾಣುವಿಗೆ ಎಲೆಕ್ಟ್ರಾನೂ ಇಲ್ಲ. ಇಲ್ಲದ ಎಲೆಕ್ಟ್ರಾನು ಕ್ಷ-ಕಿರಣದ ಏಟು ತಿಂದು ಹಾರಿ ಯಂತ್ರದೊಳಗೆ ಹೋಗಿ ಎಣಿಕೆಗೆ ಸಿಕ್ಕಿದೆ! ಹೀಗಾಗಲು ಸಾಧ್ಯವಿಲ್ಲವಯ್ಯಾ ಎಂದು ಹಿಚಮ್ ಇದ್ರಿಸ್ ಎಂಬ ವಿಜ್ಞಾನಿ 2021ರಲ್ಲಿ ಸರ್ಫೇಸ್ ಸೈನ್ಸ್ ಪತ್ರಿಕೆಯಲ್ಲಿ ಬಿಡಿಸಿ ಬರೆದರು. ಅಜ್ಜ ಮಾತ್ರ ತಿಂಗಳು ತಿಂಗಳು ಅಕ್ಕಿ ಎತ್ತುತ್ತಲೇ ಇದ್ದಾನೆ. ಎತ್ತುವುದಷ್ಟೇ ಅಲ್ಲ, ಅವನ ಪಾಲು ಶೇಕಡಾ 37.62 ಎಂದು ಎರಡು ದಶಮಾಂಶದವರೆಗೆ ಟೇಬಲ್ಲಿನಲ್ಲಿ ಬರೆಯುತ್ತಾರೆ. ಈ ಪುಡಿ ಹಾಕಿದ ಬಣ್ಣದ ನೀರು ಬಿಸಿಲಲ್ಲಿ ಬೇಗ ತಿಳಿಯಾಗುವುದಕ್ಕೂ ಅವನೇ ಕಾರಣ ಎನ್ನುತ್ತಾರೆ.

ಇನ್ನು ಅಳತೆಗೋಲಿನ ಕಥೆ. ಪುಡಿಗೆ ವಿದ್ಯುತ್ತು ಸರಿಯಾಗಿ ಹರಿಯದಿದ್ದರೆ ಇಡೀ ಗ್ರಾಫು ಪಕ್ಕಕ್ಕೆ ಜರುಗುತ್ತದೆ. ಅದನ್ನು ಹಿಂದಕ್ಕೆ ತಳ್ಳಲು ಏನಾದರೊಂದು ಗೂಟ ಬೇಕು. ಗೂಟ ಯಾವುದು? ಗಾಳಿಯಲ್ಲಿಟ್ಟ ಯಾವ ವಸ್ತುವಿನ ಮೇಲಾದರೂ ಕೂರುವ ಕೊಳೆ, ಅಂದರೆ ಇಂಗಾಲ. ಅದರ ಪೀಕು 284.8 ಎಲೆಕ್ಟ್ರಾನ್ ವೋಲ್ಟಿಗೆ ಇರಬೇಕು ಎಂದು ಒಪ್ಪಿಕೊಂಡು ಉಳಿದದ್ದನ್ನೆಲ್ಲ ಅದರ ಪಕ್ಕಕ್ಕೆ ಜೋಡಿಸುತ್ತಾರೆ. ಮಾಗಡಿ ರಸ್ತೆಯಲ್ಲಿ ಬಸ್ಸಿನ ಹಿಂದೆ ನಿಂತು ಉಸಿರೆಳೆದವರು ಹೆಮ್ಮೆಪಡಬೇಕಾದ ವಿಷಯ: ವಿಶ್ವದ ಮೇಲ್ಮೈ ವಿಜ್ಞಾನ ನಿಂತಿರುವುದು ಕೊಳೆಯ ಮೇಲೆ. ಆದರೆ ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದ ಗ್ರೆಜಿನ್ಸ್ಕಿ ಮತ್ತು ಹುಲ್ಟ್‌ಮನ್ ಬೇರೆ ಬೇರೆ ವಸ್ತುಗಳ ಮೇಲಿನ ಕೊಳೆಯನ್ನು ಅಳೆದು, ಗೂಟವೇ ಎರಡು ಎಲೆಕ್ಟ್ರಾನ್ ವೋಲ್ಟಿಗೂ ಹೆಚ್ಚು ಅತ್ತಿತ್ತ ಓಡಾಡುತ್ತದೆ ಎಂದು ತೋರಿಸಿದರು. ನಮ್ಮ ಹುಡುಗ ಪೀಕನ್ನು ಹೆಸರಿಸುವುದು ಅದಕ್ಕಿಂತ ಚಿಕ್ಕ ವ್ಯತ್ಯಾಸದ ಮೇಲೆ. ಈ ಸಂಗತಿಯನ್ನು ಥೀಸಿಸ್ಸಿನಲ್ಲಿ ಸೇರಿಸಬೇಕೇ ಎಂದು ಅವನು ಕೇಳಿದ. "ಸೇರಿಸಿದರೆ ಪೇಜ್ ನಂಬರ್ ಎಲ್ಲ ಬದಲಾಗುತ್ತೆ" ಎಂದರು ಗೈಡು.

ಎಷ್ಟು ಪೀಕು ಹಾಕಿದರೆ ಅತಿಯಾಯಿತು ಎಂಬ ಪ್ರಶ್ನೆಗೆ ಭೌತಶಾಸ್ತ್ರದಲ್ಲಿ ಒಂದು ಆನೆಯ ಕಥೆಯಿದೆ. 1953ರಲ್ಲಿ ತರುಣ ಫ್ರೀಮನ್ ಡೈಸನ್ ತನ್ನ ತಂಡದ ಲೆಕ್ಕ ಪ್ರಯೋಗಕ್ಕೆ ಹೇಗೆ ಹೊಂದಿದೆ ನೋಡಿ ಎಂದು ಷಿಕಾಗೊಗೆ ಹೋಗಿ ಎನ್ರಿಕೊ ಫರ್ಮಿಗೆ ತೋರಿಸಿದರು. ಇಷ್ಟಬಂದಂತೆ ತಿರುಗಿಸಬಹುದಾದ ಅಂಕಿ ಎಷ್ಟಿಟ್ಟುಕೊಂಡಿದ್ದೀರಿ ಎಂದು ಫರ್ಮಿ ಕೇಳಿದರು. ನಾಲ್ಕು ಎಂದರು ಡೈಸನ್. ನಾಲ್ಕಿದ್ದರೆ ಆನೆಯನ್ನು ಹೊಂದಿಸಬಹುದು, ಐದಿದ್ದರೆ ಅದರ ಸೊಂಡಿಲನ್ನೂ ಆಡಿಸಬಹುದು ಎಂದು ನನ್ನ ಗೆಳೆಯ ಫಾನ್ ನಾಯ್ಮನ್ ಹೇಳುತ್ತಿದ್ದ ಎಂದು ಫರ್ಮಿ ಅವರನ್ನು ಕಳಿಸಿಕೊಟ್ಟರು. ಡೈಸನ್ ಆ ದಾರಿಯನ್ನೇ ಬಿಟ್ಟು, 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ಕೃತಜ್ಞತೆಯಿಂದ ನೆನೆದರು. 2010ರಲ್ಲಿ ಮೂವರು ಇದನ್ನು ಸವಾಲಾಗಿ ತೆಗೆದುಕೊಂಡು ನಾಲ್ಕು ಅಂಕಿಗಳಿಂದ ನಿಜಕ್ಕೂ ಆನೆ ಬರೆದು, ಐದನೆಯದರಿಂದ ಸೊಂಡಿಲು ಆಡಿಸಿ ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಪ್ರಕಟಿಸಿದರು. (ಅವು ಸಂಕೀರ್ಣ ಸಂಖ್ಯೆಗಳು, ಒಂದರ ಹೊಟ್ಟೆಯಲ್ಲಿ ಎರಡು. ರೇಷನ್ ಅಂಗಡಿಯವನಿಗೆ ಹೇಳಬೇಡಿ.)

ನಮ್ಮ ಹುಡುಗನ ಲೆಕ್ಕ ಹಾಕೋಣ. ಒಂದೊಂದು ಹುಸಿ-ಫೋಯ್‌ಕ್ಟ್ ಪೀಕಿಗೂ ಜಾಗ, ಎತ್ತರ, ಅಗಲ, ಬೆರಕೆಯ ಪ್ರಮಾಣ ಎಂದು ನಾಲ್ಕು ಅಂಕಿ. ಐದು ಪೀಕಿಗೆ ಇಪ್ಪತ್ತು. ತಳದ ಗೆರೆಗೆ ಇನ್ನೆರಡು. ಇಪ್ಪತ್ತೆರಡು ಅಂಕಿಗಳಲ್ಲಿ ಬರೀ ಆನೆಯೇಕೆ, ಮೈಸೂರಿನ ಜಂಬೂಸವಾರಿಯನ್ನೇ ಬನ್ನಿಮಂಟಪದವರೆಗೆ ನಡೆಸಬಹುದು, ಅಂಬಾರಿ ಸಮೇತ. ಅಷ್ಟೆಲ್ಲ ಆದಮೇಲೆ ಆರ್-ಸ್ಕ್ವೇರ್ 0.999 ಬಂತು ಎಂದು ಅಭಿನಂದಿಸುತ್ತಾರೆ.

ನಮ್ಮವರನ್ನೇ ಹಳಿಯುತ್ತಿದ್ದಾನೆ, ಅಸೂಯೆ ಇರಬೇಕು ಎನ್ನುವವರಿಗೆ ಒಂದು ಸಮಾಧಾನ. 2020ರಲ್ಲಿ ಅಮೆರಿಕದ ಜಾರ್ಜ್ ಮೇಜರ್, ಮ್ಯಾಥ್ಯೂ ಲಿನ್‌ಫೋರ್ಡ್ ಮತ್ತು ಸಂಗಡಿಗರು ಮೂರು ಪ್ರತಿಷ್ಠಿತ ಪತ್ರಿಕೆಗಳಲ್ಲಿ ಆರು ತಿಂಗಳಲ್ಲಿ ಬಂದ 400ಕ್ಕೂ ಹೆಚ್ಚು ಎಕ್ಸ್‌ಪಿಎಸ್ ಲೇಖನಗಳನ್ನು ಜಾಲಾಡಿದರು. ಸುಮಾರು ಶೇಕಡಾ 30 ವಿಶ್ಲೇಷಣೆ ಪೂರ್ತಿ ತಪ್ಪು. ಪೀಕು ಬಿಡಿಸಿದ್ದ ಲೇಖನಗಳನ್ನಷ್ಟೇ ತೆಗೆದುಕೊಂಡರೆ ಶೇಕಡಾ 40ಕ್ಕೂ ಹೆಚ್ಚಿನವುಗಳಲ್ಲಿ ಗಂಭೀರ ದೋಷ. ಗೋವಿಂದರಾಜನಗರ ಜಾಗತಿಕ ಗುಣಮಟ್ಟ ಮುಟ್ಟಿದೆ ಎನ್ನಲು ಇದಕ್ಕಿಂತ ಪುರಾವೆ ಬೇಕೆ?

ಇದನ್ನೆಲ್ಲ ಹಿಡಿಯುವ ಉಪಾಯವೇನೂ ಗಹನವಲ್ಲ. ಗುಡ್ಡದಿಂದ ಪೀಕುಗಳ ಮೊತ್ತ ಕಳೆದು ಉಳಿದದ್ದನ್ನು ಕೆಳಗೊಂದು ಗೆರೆಯಾಗಿ ಹಾಕಿದರೆ ಸಾಕು. ಉಳಿಕೆ ಗೊತ್ತುಗುರಿಯಿಲ್ಲದ ಗದ್ದಲದಂತಿದ್ದರೆ ಸರಿ. ಅದರಲ್ಲೇ ಅಲೆಗಳು ಎದ್ದಿದ್ದರೆ ಏನೋ ಎಡವಟ್ಟು. ಗದ್ದಲಕ್ಕೆ ಇರುವ ಪ್ರಾಮಾಣಿಕತೆ ಬಣ್ಣದ ಗೆರೆಗಳಿಗಿಲ್ಲ. 2018ರ ಜುಲೈನಲ್ಲಿ ನಮ್ಮ ಐಐಎಸ್‌ಸಿಯ ಇಬ್ಬರು ವಿಜ್ಞಾನಿಗಳು ಚಿನ್ನ-ಬೆಳ್ಳಿಯ ನ್ಯಾನೊ ರಚನೆಯಲ್ಲಿ 236 ಕೆಲ್ವಿನ್‌ನಲ್ಲೇ ಅತಿವಾಹಕತೆ ಕಂಡೆವು ಎಂದು ಪ್ರಕಟಿಸಿದಾಗ ಜಗತ್ತೆಲ್ಲ ಜಾರುವ ಗೆರೆಯನ್ನು ನೋಡಿತು. ಎಂಐಟಿಯಲ್ಲಿದ್ದ ಬ್ರಿಯಾನ್ ಸ್ಕಿನ್ನರ್ ಮಾತ್ರ ಗದ್ದಲವನ್ನು ನೋಡಿ, ಎರಡು ಬೇರೆ ಬೇರೆ ಅಳತೆಗಳಲ್ಲಿ ಅದೇ ಏರಿಳಿತ ಮರುಕಳಿಸಿದೆಯಲ್ಲ ಎಂದು ಕೇಳಿದರು. ಆ ತಂಡ ತನ್ನ ಮಾತಿಗೆ ಅಂಟಿಕೊಂಡಿತು, ಮರುವರ್ಷ ಪರಿಷ್ಕೃತ ಪ್ರಬಂಧವನ್ನೂ ಹೊರತಂದಿತು. ಅದು ಬೇರೆಯೇ ಕಥೆ. ನಮ್ಮ ಅಂಗಡಿಯವನಿಗೆ ಇದನ್ನು ವಿವರಿಸಿ ಉಳಿಕೆಯ ಗೆರೆಯನ್ನೂ ಹಾಕಪ್ಪಾ ಎಂದರೆ, "ಅದಕ್ಕೆ ಎಕ್ಸ್‌ಟ್ರಾ ಆಗುತ್ತೆ. ಹಾಕಿಸ್ಕೊಂಡವರು ಯಾರೂ ವಾಪಸ್ ಬಂದಿಲ್ಲ" ಎಂದ.

ಬೇರೆ ತಂತ್ರಾಂಶವೂ ಇದೆ. ಪೋಲೆಂಡಿನ ಮಾರ್ಚಿನ್ ವೊಯ್ದಿರ್ ಬರೆದ ಫಿಟಿಕ್. ಮೂಲಸಂಕೇತ ಎಲ್ಲರಿಗೂ ತೆರೆದದ್ದು, ಕದಿಯುವ ಅಗತ್ಯವಿಲ್ಲ. ಎಲ್ಲಿ ಕುಟ್ಟಿದಿರಿ, ಯಾವುದನ್ನು ಎಲ್ಲಿಗೆ ಎಳೆದಿರಿ ಎಂಬುದನ್ನೆಲ್ಲ ಆಜ್ಞೆಗಳಾಗಿ ಬರೆದಿಡುತ್ತದೆ. ಆ ಪಟ್ಟಿಯನ್ನು ಇನ್ನೊಬ್ಬರಿಗೆ ಕೊಟ್ಟರೆ ಅವರೂ ಅದೇ ದಾರಿಯಲ್ಲಿ ನಡೆದು ನೋಡಬಹುದು. ಮಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಸಾಕ್ಷಿಯನ್ನು ಮನೆಯೊಳಗೆ ಯಾರು ಬಿಟ್ಟುಕೊಳ್ಳುತ್ತಾರೆ? ಹುಡುಗ ಒಂದು ದಿನ ಅದನ್ನು ಹಾಕಿಕೊಂಡ. ಲ್ಯಾಬಿನಲ್ಲಿ ಎಲ್ಲರೂ ಅವನನ್ನು ಲೋಕಾಯುಕ್ತದವನಂತೆ ನೋಡತೊಡಗಿದರು.

ಹಾಗಂತ ವ್ಯವಸ್ಥೆ ಕಣ್ಣು ಮುಚ್ಚಿ ಕೂತಿದೆ ಎಂದುಕೊಳ್ಳಬೇಡಿ. ಯುಜಿಸಿ 2018ರಲ್ಲಿ ಕೃತಿಚೌರ್ಯದ ಮೇಲೆ ನಿಯಮಾವಳಿಯನ್ನೇ ತಂದಿದೆ. ಸಾಮ್ಯತೆ ಶೇಕಡಾ 10ರೊಳಗೆ ಇರಬೇಕು, ದಾಟಿದರೆ ಹಂತ ಹಂತವಾಗಿ ಶಿಕ್ಷೆ. ಆದ್ದರಿಂದ ಥೀಸಿಸ್ಸನ್ನು ಮೊದಲು ಸಾಮ್ಯತೆ ಹುಡುಕುವ ತಂತ್ರಾಂಶದ ಬಾಯಿಗೆ ಹಾಕುತ್ತಾರೆ. ಅದು ಪದಗಳನ್ನು ಮೂಸಿ ನೋಡುತ್ತದೆ. ಜಿಂಕ್ ಆಕ್ಸೈಡ್ ಒಂದು ಅರೆವಾಹಕ ಎಂಬ ವಾಕ್ಯ ಇನ್ನೂ ಹತ್ತು ಸಾವಿರ ಥೀಸಿಸ್ಸುಗಳಲ್ಲಿದೆ ಎಂದು ಕೆಂಪು ಬಳಿಯುತ್ತದೆ. ಹುಡುಗ ಒಂದು ವಾರ ಕೂತು ನಿಜವಾದ ವಾಕ್ಯಗಳನ್ನೆಲ್ಲ ಗುರುತು ಸಿಗದಂತೆ ತಿರುಚುತ್ತಾನೆ. ಮೌಸಿನಿಂದ ಕುಟ್ಟಿ ಎಬ್ಬಿಸಿದ ಪೀಕುಗಳ ಬಗ್ಗೆ ಅದಕ್ಕೆ ಆಕ್ಷೇಪವಿಲ್ಲ; ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಅವು ನೂರಕ್ಕೆ ನೂರು ಸ್ವಂತದವು.

ವೈವಾ ದಿನ ಬಂತು. ಹೊರ ರಾಜ್ಯದಿಂದ ಬಂದ ಪರೀಕ್ಷಕರು, ಹಿಂದಿನ ಸಾಲಿನಲ್ಲಿ ಅಪ್ಪ ಅಮ್ಮ, ಕೊನೆಯ ಮೇಜಿನ ಮೇಲೆ ಬಾದಾಮ್ ಹಾಲು. ಪರದೆಯ ಮೇಲೆ ಆಮ್ಲಜನಕದ ಗುಡ್ಡ ಮೂಡಿತು. ಕೆಂಪು, ಹಸಿರು, ನೀಲಿ, ನೇರಳೆ, ಕಿತ್ತಳೆ, ಒಂದೊಂದು ಪೀಕಿನ ಹೊಟ್ಟೆಗೂ ಒಂದೊಂದು ಬಣ್ಣ. ಅಮ್ಮ ಕಣ್ಣೊರೆಸಿಕೊಂಡರು. ಪರೀಕ್ಷಕರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ ಕೇಳಿದರು:

"ಐದು ಪೀಕು ಹಾಕಿದ್ದೀರಿ. ಆರು ಯಾಕಲ್ಲ?"

ಗೈಡು ಕುರ್ಚಿಯ ತುದಿಗೆ ಬಂದರು. ಹುಡುಗ ಎಂಜಲು ನುಂಗಿ, ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ನಿಜ ಹೇಳಿದ:

"ಬಣ್ಣ ಮುಗೀತು ಸಾರ್."

"ಹಳದಿ ಇತ್ತಲ್ಲಪ್ಪಾ."

"ಹಳದಿ ಪ್ರಿಂಟಲ್ಲಿ ಕಾಣಲ್ಲ ಸಾರ್."

"ಹೌದು, ನಾನೂ ಅದಕ್ಕೇ ಬಿಟ್ಟಿದ್ದೆ" ಎಂದು ಪರೀಕ್ಷಕರು ಸಹಿ ಹಾಕಿ ಊಟಕ್ಕೆ ಎದ್ದರು.